ದುರ್ವಾಸನೆ ಇದೆ, ಎಲ್ಲವೂ ಸರಿ

ಒಂದು ತಿಂಗಳು ಮಗಳ ಮನೆಯಲ್ಲಿದ್ದು, ಮಗಳನ್ನೂ ಅವಳ ಹಸುಗೂಸನ್ನೂ ಕರೆದುಕೊಂಡು ಬಂದ ಹೆಂಡತಿ, ಬಾಗಿಲು ತೆರೆದ ಗಂಡನ ಅಂಗಿಯನ್ನು ಮೂಸಿದಳು. ಇನ್ನೊಮ್ಮೆ ಮೂಸಿದಳು. ಪೆಟ್ಟಿಗೆಯನ್ನು ಹೊಸ್ತಿಲ ಆಚೆಯೇ ಇಟ್ಟು ನಿಂತಳು.

“ಕೆಲಸಕ್ಕೆ ಹೋಗಿದ್ರೇನ್ರಿ?”

“ಹೋಗದೆ ಏನು? ಈಗ ತಾನೆ ಬಂದೆ, ಅಂಗಿ ಕೂಡ ಬಿಚ್ಚಿಲ್ಲ.”

“ಸುಳ್ಳು ಹೇಳ್ಬೇಡಿ. ನೀವು ಚೂರೂ ನಾರ್ತಿಲ್ಲ. ಯಾರವಳು?”

ಪಾಪ, ಅವಳ ಅನುಮಾನದಲ್ಲಿ ತಪ್ಪಿಲ್ಲ. ಹದಿನೆಂಟು ವರ್ಷ ದಿನಾ ಕೊಳೆತ ಮೊಟ್ಟೆಯ ಹಾಗೆ ನಾರಿಕೊಂಡು ಮನೆಗೆ ಬಂದ ಗಂಡಸು ಅವನು. ಅದು ಅವನ ನೌಕರಿಯ ಪ್ರಸಾದ. ಬೀದಿಯ ಹಿಂದೆ ಒಂದು ಹೊಂಡ. ಅದರ ಕೆಸರಿನಲ್ಲಿ, ಎಂದೋ ಬಾಗಿಲು ಹಾಕಿದ ಬಣ್ಣದ ಕಾರ್ಖಾನೆ ಬಿಟ್ಟುಹೋದ ಆರ್ಸೆನಿಕ್ ವಿಷ. ಎತ್ತಿ ಹಾಕೋಣವೆಂದರೆ ಹಾಕುವುದೆಲ್ಲಿ? ನೀರಿನ ಇಲಾಖೆಯಲ್ಲಿ ಹಿಂದೆ ಇದ್ದ ಕೆಮಿಸ್ಟ್ ತಲೆಯುಳ್ಳವನು, ಹೊಂಡಕ್ಕೆ ತರಗೆಲೆ, ಮರದ ಹೊಟ್ಟು, ಸಗಣಿ ತುಂಬಿಸಿದ. ಗಾಳಿಯಾಡದ ಆ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಅದನ್ನೆಲ್ಲ ತಿಂದು ದುರ್ನಾತ ಬಿಡುತ್ತವೆ; ಆ ನಾತವೂ ಕೊಳೆತ ಎಲೆಯೂ ಸೇರಿ ವಿಷವನ್ನು ಕೆಸರಿಗೇ ಕಟ್ಟಿಹಾಕುತ್ತವೆ. ನಾತ ಇದ್ದರೆ ಕಟ್ಟು ಬಿಗಿ. ನಾತ ಹೋಯಿತೋ, ವಿಷ ಬಿಚ್ಚಿಕೊಂಡು ಪಕ್ಕದ ಬೋರ್‌ವೆಲ್ಲಿಗೆ, ಅಲ್ಲಿಂದ ಇಡೀ ಬೀದಿಯ ಲೋಟಗಳಿಗೆ. ಅದಕ್ಕೇ ದಿನಾ ಹೊಂಡ ಮೂಸಿ ಪುಸ್ತಕದಲ್ಲಿ ಬರೆಯಲು ಒಬ್ಬ ನೌಕರ. ಬೀದಿಯವರ ಬಾಯಲ್ಲಿ ಅವನು ಮೂಗಿನ ಮೇಸ್ತ್ರಿ.

ಗುಟ್ಟೇನೆಂದರೆ, ಕೆಲಸಕ್ಕೆ ಸೇರಿದ ಮೂರೇ ತಿಂಗಳಿಗೆ ಮೇಸ್ತ್ರಿಯ ಮೂಗು ಸತ್ತುಹೋಗಿತ್ತು. ಅವನಿಗೆ ಸಾಬೂನೂ ಒಂದೇ, ಸಗಣಿಯೂ ಒಂದೇ. ಸಂಜೆ ಮನೆಗೆ ಬಂದಾಗ ಹೆಂಡತಿ “ಥೂ, ಆಚೆ ನಿಲ್ಲಿ” ಎಂದರೆ, ಮರುದಿನ ಬೆಳಿಗ್ಗೆ ಪುಸ್ತಕದಲ್ಲಿ ಬರೆಯುತ್ತಿದ್ದ: ‘ದುರ್ವಾಸನೆ ಇದೆ. ಎಲ್ಲವೂ ಸರಿ.’ ಈ ತಿಂಗಳು ಥೂ ಅನ್ನಲು ಅವಳಿರಲಿಲ್ಲ. ಅಭ್ಯಾಸಬಲದಿಂದ ಅದನ್ನೇ ಬರೆದುಕೊಂಡು ಬಂದಿದ್ದ.

“ಕಾರಂಜಿ” ಎಂದು ಮೇಸ್ತ್ರಿ ಗೋಡೆಗೆ ಒರಗಿದ. ಹೊಸದಾಗಿ ಬಂದ ಎಂಜಿನಿಯರು, ಬೀದಿಯವರ ದೂರು ಕೇಳಿ ಕೇಳಿ, ಎರಡು ವಾರದ ಹಿಂದೆ ಹೊಂಡದ ನಡುವೆ ಕಾರಂಜಿ ಹಾಕಿಸಿದ್ದರು. ಕೆಸರಿಗೆಲ್ಲ ಗಾಳಿ ಹೊಕ್ಕಿತ್ತು, ನಾತ ನಿಂತಿತ್ತು. ಈ ಪುಣ್ಯಾತ್ಮ ಅದರ ಮುಂದೆ ನಿಂತು ಚೆನ್ನಾಗಿದೆ ಎಂದು ನೋಡಿದ್ದ. ಅಷ್ಟರಲ್ಲಿ ಒಳಗೆ ಹೋಗಿದ್ದ ಮಗಳು ನೀರಿನ ಲೋಟ ಬಾಯಿಗೆತ್ತಿದ್ದಳು. ಮೇಸ್ತ್ರಿ ಓಡಿಹೋಗಿ ಕಿತ್ತುಕೊಂಡ.

“ಬೇಡ ಮಗಳೇ. ಕುದಿಸಿದ್ರೂ ಹೋಗೋ ವಿಷ ಅಲ್ಲ ಅದು. ಕೂಸಿಗಂತೂ ಹನಿ ಮುಟ್ಟಿಸ್ಬೇಡ.”

ಗಂಡಹೆಂಡಿರಿಬ್ಬರೂ ಹೊಂಡದ ಪಕ್ಕದಲ್ಲೇ ಇದ್ದ ಎಂಜಿನಿಯರ ಕೋಣೆಗೆ ನುಗ್ಗಿ, ನಾತ ಹೋಗಿದೆ, ನೀರಿಗೆ ವಿಷ ಸೇರಿ ಜನ ಸಾಯುತ್ತಾರೆ ಎಂದರು. ಎಂಜಿನಿಯರು ಸಮಾಧಾನವಾಗಿ ಪುಸ್ತಕ ತೆರೆದರು.

“ನಾತ ಹೋಯ್ತು ಅಂತೀರಿ. ಇವತ್ತು ಬೆಳಿಗ್ಗೆ ಇದೆ ಅಂತ ನೀವೇ ಬರೆದಿದ್ದೀರಲ್ರೀ? ಇನ್ನೂ ಇದೆ ಅಂದ್ರೆ ಒಂದು ಕಾರಂಜಿ ಸಾಲ್ದು. ನಾಳೆ ಇನ್ನೊಂದು ಹಾಕಿಸ್ತೀನಿ.”

“ಸ್ವಾಮಿ, ಕಿಟಕಿ ತೆಗೆದು ನೀವೇ ಮೂಸಿ ನೋಡಬಾರದಾ?” ಎಂದಳು ಹೆಂಡತಿ.

“ನನಗೆ ಮೂಸೋ ಅಧಿಕಾರ ಇಲ್ಲಮ್ಮ. ಅದು ಇವರ ಹುದ್ದೆ.”

ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಮೇಸ್ತ್ರಿ ಮೇಜಿನ ಅಂಚು ಹಿಡಿದುಕೊಂಡ. “ಸಾರ್, ನನಗೆ ವಾಸನೆ ಗೊತ್ತಾಗಲ್ಲ. ಹದಿನೆಂಟು ವರ್ಷದಿಂದ ಗೊತ್ತಾಗಲ್ಲ” ಎಂದವನು ನಾಚಿಕೆಯಿಂದ ಅತ್ತೇಬಿಟ್ಟ.

“ಮತ್ತೆ ಇಷ್ಟು ವರ್ಷ ಮೂಸಿದ್ದು ಯಾರು?”

“ನಾನು” ಎಂದಳು ಹೆಂಡತಿ.

“ನಿಮಗೆ ನೇಮಕಾತಿ ಆದೇಶ ಇದೆಯಾ?”

“ಮದುವೆ ಆಗಿದೆ.”

ಎಂಜಿನಿಯರು ಪುಸ್ತಕದ ಹಾಳೆ ಮಗುಚಿದರು, ಮಗುಚುತ್ತಾ ಮಗುಚುತ್ತಾ ಬೆವರಿದರು. ಬರೆದದ್ದೆಲ್ಲ ಸುಳ್ಳಾದರೆ ಹೊಂಡ ಯಾವತ್ತೂ ನಾರಿದ್ದಕ್ಕೆ ದಾಖಲೆಯೇ ಇಲ್ಲ. ನಾತವೇ ಇಲ್ಲದ ಹೊಂಡಕ್ಕೆ ಕಾರಂಜಿ ಹಾಕಿಸಿದ ಜಾಣ ಯಾರೆಂದು ಮೇಲಿನವರು ಕೇಳುತ್ತಾರೆ. ಜನ ಸಾಯುತ್ತಾರೆ ಎಂದಾಗ ಅಲ್ಲಾಡದವರು ಈಗ ಲೇಖನಿ ಕೈಗೆತ್ತಿಕೊಂಡರು. ಎರಡು ಆದೇಶಕ್ಕೆ ಸಹಿ ಬಿತ್ತು. ಒಂದು, ಕಾರಂಜಿಯನ್ನು ಈಗಿಂದೀಗಲೇ ಕೀಳುವುದು. ಇನ್ನೊಂದು, ಮೇಸ್ತ್ರಿಯನ್ನು ಕೆಲಸದಿಂದ ತೆಗೆಯುವುದು.

ಮರುದಿನ ಬೆಳಗಾಗುವ ಹೊತ್ತಿಗೆ ಹೊಂಡದ ನೀರು ಅಲುಗಾಡದೆ ನಿಂತಿತ್ತು. ಕೆಲಸ ಕಳೆದುಕೊಂಡ ಮೇಸ್ತ್ರಿ ಬುಟ್ಟಿ ಬುಟ್ಟಿ ಕೊಳೆತ ಎಲೆ ಹೊತ್ತು ಸುರಿಯುತ್ತಿದ್ದ. ಹೆಂಡತಿ ದಡದ ಮೇಲೆ, ಕೂಸನ್ನು ಮಗಳ ಹತ್ತಿರ ಬಿಟ್ಟುಬಂದು, ಮೂಗೆತ್ತಿ ಕೂತಿದ್ದಳು. ಬೋರ್‌ವೆಲ್ಲಿನ ನಲ್ಲಿಗೆ ಅವಳೇ ಹಗ್ಗ ಬಿಗಿದಿದ್ದಳು. ಬೀದಿಯವರೆಲ್ಲ ಖಾಲಿ ಕೊಡ ಹಿಡಿದು ಸುತ್ತ ನಿಂತು, ಅವಳ ಮುಖವನ್ನೇ ನೋಡುತ್ತಿದ್ದರು.

“ಅಲ್ಲಮ್ಮಾ, ನಾವು ಯಾವಾಗ ನೀರು ಕುಡಿಯೋದು?”

“ನಾನು ಮೂಗು ಮುಚ್ಚಿಕೊಂಡ ಮೇಲೆ” ಎಂದಳು ಅವಳು. “ಅಲ್ಲೀವರೆಗೂ ಮೇಲಿನ ಬೀದಿಯಿಂದ ತನ್ನಿ.”