ನಲವತ್ತೆರಡನೇ ಕಲಮಿನ ವಿಚಾರಣೆ

“ನೀನು ಹೊರಗೆ ಹೋಗು, ಡೆಸ್ಮಂಡ್,” ಎಂದಳು ಹಿಲರಿ. ಡೆಸ್ಮಂಡ್ ಕದಲಲಿಲ್ಲ.

ಮೀನು ಬಂದರಿನಲ್ಲಿ ಇಪ್ಪತ್ತು ವರ್ಷ ಪೆಟ್ಟಿಗೆ ಹೊತ್ತವನು ಅವನು. ಈಗ ಈ ಆರೈಕೆ ಮನೆಯಲ್ಲಿ, ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದವರಿಗೆ ಸ್ನಾನ ಮಾಡಿಸಿ, ಊಟ ಉಣಿಸುತ್ತಾನೆ. ಒಂದೊಂದು ಬೆರಳೂ ಬಾಳೆಕಾಯಿಯಷ್ಟು ದಪ್ಪ. ಮಂಚದ ಅಂಚಿನಲ್ಲಿ ಕೂತಿದ್ದ ಆಂಬ್ರೋಸ್‌ನ ಎಡತೋಳಿನ ಒಳಭಾಗದಲ್ಲಿ ನಾಲ್ಕು ಸಣ್ಣ ನೀಲಿ ಗುರುತುಗಳು ಸಾಲಾಗಿ ಮೂಡಿದ್ದವು. ಬಿದ್ದು ಆದ ಗಾಯ ಹಾಗಿರುವುದಿಲ್ಲ. ಯಾರೋ ಹಿಡಿದು ತಿರುಚಿದರೆ ಹಾಗಿರುತ್ತದೆ.

“ಬಾಗ್ಲು ತೆಗ್ದೇ ಇರ್ಲಿ ಮೇಡಂ,” ಎಂದ ಡೆಸ್ಮಂಡ್. “ನಾನಿದ್ರೆ ಅವ್ನಿಗೆ ಧೈರ್ಯ.”

“ಧೈರ್ಯಾನೋ, ಭಯಾನೋ? ಒಬ್ರೇ ಇರುವಾಗ ಕೇಳ್ಬೇಕು ಅಂತ ನಿಯಮಾನೇ ಇದೆ. ಮರ್ತಿದ್ರೆ ಮತ್ತೆ ತರಬೇತಿಗೆ ಹೋಗು.”

ಅವನು ಆಂಬ್ರೋಸ್‌ನನ್ನೇ ದಿಟ್ಟಿಸಿ ನೋಡುತ್ತಾ ಹಿಂದೆ ಸರಿದ. ಮೂರು ದಿನದಿಂದ ಅವನ ವರಸೆಯೇ ಸರಿಯಿರಲಿಲ್ಲ. ಗೇಟಿನ ಬಳಿ ಕಾರು ನಿಂತ ಸದ್ದಾದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಿದ್ದ. ಇವತ್ತು ಹಿಲರಿ ಕೌನ್ಸಿಲ್‌ನ ಪತ್ರ ಹಿಡಿದು ಕೋಣೆಗೆ ಬಂದಾಗ ಅವನ ಮುಖದ ರಕ್ತವೇ ಇಳಿದುಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಹಿಲರಿ ಬಾಗಿಲು ಹಾಕಿದಳು. ಸದಾ ಅಂಟಿಕೊಳ್ಳುವ ಆ ಬಾಗಿಲು ಮೊಣಕಾಲಿನ ಒಂದೇ ಒತ್ತಿಗೆ ಮುಚ್ಚಿಕೊಂಡಿತು.

ಇಂಥ ಮನೆಗಳ ಉಸ್ತುವಾರಿ ನೋಡುವ ನಮ್ಮೂರ ಕೌನ್ಸಿಲ್‌ನಲ್ಲಿ ಮಾತಿಗೆ ಬರವಿಲ್ಲ. ಆಂಬ್ರೋಸ್‌ನಂಥವರನ್ನು ಮೊದಲು ‘ದುರ್ಬಲ ವಯಸ್ಕ’ ಎನ್ನುತ್ತಿದ್ದರು. ಅದು ಅವಮಾನವಾಗುತ್ತದೆಂದು ಸಭೆಗಳ ಮೇಲೆ ಸಭೆ ಮಾಡಿ ‘ಅಪಾಯದಲ್ಲಿರುವ ವಯಸ್ಕ’ ಎಂದು ತಿದ್ದಿದರು. ದೌರ್ಜನ್ಯದಲ್ಲಿ ಹತ್ತು ಬಗೆ ಎಂದು ಪಟ್ಟಿ ಮಾಡಿ, ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ, ಪ್ರತಿ ಆರೈಕೆ ಮನೆಯ ಶೌಚಾಲಯದ ಗೋಡೆಗೂ ಅಂಟಿಸಿದರು. ಸಕ್ಕರೆ ಎಂದು ಬರೆದು ನೆಕ್ಕಿದರೆ ಬಾಯಿ ಸಿಹಿಯಾದೀತೇ? ಓದಿದರೆ ವಾಕರಿಕೆ ಬರುತ್ತದೆ, ಅಷ್ಟೆ.

ಕಾನೂನೂ ಇದೆ. ಯಾರಾದರೂ ದೂರು ಕೊಟ್ಟರೆ ಆರೈಕೆ ಕಾಯ್ದೆಯ ನಲವತ್ತೆರಡನೇ ಕಲಮಿನ ಪ್ರಕಾರ ವಿಚಾರಣೆ ಆಗಲೇಬೇಕು. ಆದರೆ ಕೌನ್ಸಿಲ್ ತಾನೇ ಎದ್ದು ಬರಬೇಕೆಂದೇನಿಲ್ಲ. ಆ ವ್ಯಕ್ತಿಯನ್ನು ಚೆನ್ನಾಗಿ ಬಲ್ಲವರಿಗೆ ಬರೆದು, ‘ನೀವೇ ವಿಚಾರಿಸಿ, ಹತ್ತು ದಿನದೊಳಗೆ ವರದಿ ಕೊಡಿ’ ಎಂದರೂ ನಡೆಯುತ್ತದೆ. ಈ ಸಲ ಆ ಪತ್ರ ಹಿಲರಿಗೆ ಬಂದಿತ್ತು. ದೂರಿನ ಪ್ರತಿಯಲ್ಲಿ ಕೊಟ್ಟವರ ಹೆಸರಿಗೂ, ದೂರು ಯಾರ ಮೇಲೋ ಅವರ ಹೆಸರಿಗೂ ಕಪ್ಪು ಮಸಿ ಬಳಿದಿದ್ದರು. ಗೋಪ್ಯತೆಯಂತೆ.

ಆಂಬ್ರೋಸ್‌ಗೆ ಐವತ್ತೆಂಟು ವರ್ಷ. ಹುಟ್ಟಿನಿಂದ ಬುದ್ಧಿ ನಿಧಾನ, ಮಾತು ಇನ್ನೂ ನಿಧಾನ. ಆದರೆ ತನಗೇನು ಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕ ನೋರಾಳ ಪಕ್ಕದ ಮನೆ ಖಾಲಿಯಿತ್ತು. ಈ ಮನೆಯಲ್ಲಿ ತನಗೆ ಹಿಂಸೆಯಾಗಿದೆ ಎಂದು ವರದಿ ಬಂದರೆ ಕೌನ್ಸಿಲ್ ಅವನನ್ನು ಅಲ್ಲಿಗೆ ಕಳಿಸುತ್ತಿತ್ತು. ಬಾರದಿದ್ದರೆ ಕಡತ ಮುಚ್ಚಿ, ಸಾಯುವವರೆಗೂ ಇದೇ ಕೋಣೆ.

ಹಿಲರಿ ಅವನಿಗೆ ಚಹಾ ಕೊಟ್ಟಳು. ನಾಲ್ಕು ಚಮಚ ಸಕ್ಕರೆ, ಅರ್ಧ ಲೋಟ ತಣ್ಣನೆ ಹಾಲು, ಅವನು ಕುಡಿಯುವ ಹಾಗೆಯೇ. ಆಂಬ್ರೋಸ್ ಮುಟ್ಟಲಿಲ್ಲ. ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿಕೊಂಡ.

“ಹೆದರ್ಬೇಡ ಚಿನ್ನಾ. ಡೆಸ್ಮಂಡ್ ಹೋದ. ಈಗ ನಾನು, ನೀನು ಇಬ್ರೇ.”

ಅವನು ಬಾಗಿಲ ಕಡೆ ನೋಡಿದ.

“ಡೆಸ್ಮಂಡ್ ಮಾಡಿದ್ನಾ?”

ಇಲ್ಲವೆಂದು ತಲೆಯಾಡಿಸಿದ.

“ಹಾಗಾದ್ರೆ ಬಿದ್ದೆ, ಅಲ್ವಾ? ಮೆಟ್ಟಿಲ ಹತ್ರ?”

“ಬಿದ್ದಿಲ್ಲ.”

ಹಿಲರಿ ನಿಟ್ಟುಸಿರು ಬಿಟ್ಟು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ನೋಡಪ್ಪಾ, ನಿನ್ಗೆ ಮೋಸ ಮಾಡಲ್ಲ, ಇದ್ದದ್ದು ಇದ್ದಂಗೇ ಹೇಳ್ತೀನಿ. ವರದಿ ಹೋಗಿ ಉತ್ತರ ಬರೋಕೆ ವಾರಗಟ್ಲೆ ಆಗುತ್ತೆ. ಅಲ್ಲೀವರ್ಗೂ ನೀನು ಇಲ್ಲೇ ಇರ್ಬೇಕು. ಸ್ನಾನ ಇಲ್ಲೇ, ಊಟ ಇಲ್ಲೇ, ನಿದ್ದೆ ಇಲ್ಲೇ. ಯೋಚ್ನೆ ಮಾಡಿ ಹೇಳು.”

ಹೊರಗೆ ಡೆಸ್ಮಂಡ್‌ನ ಬೂಟಿನ ಸದ್ದು ಆಚೆ ಹೋಗಿ, ಈಚೆ ಬಂದು, ಬಾಗಿಲ ಬಳಿಯೇ ನಿಂತಿತು.

“ನೋರಾ ಹತ್ರ ಹೋಗ್ಬೇಕು,” ಎಂದ ಆಂಬ್ರೋಸ್.

“ಅದು ಆಮೇಲೆ. ಮೊದ್ಲು ಇದು ಯಾರು ಮಾಡಿದ್ದು ಹೇಳು. ಹೆಸ್ರು ಬೇಕು ನಂಗೆ.”

ಅವನ ಕಣ್ಣು ತುಂಬಿತು. ಆ ಜೀವಕ್ಕೆ ಅದೆಷ್ಟು ಭಯವಿತ್ತೋ! ಆದರೂ ತೊಡೆಯಡಿಯಿಂದ ಒಂದು ಕೈಯನ್ನು ಹೊರಗೆಳೆದ. ಬೆರಳೆತ್ತಿ ಎದುರಿಗೆ ತೋರಿಸಿದ.

“ನೀವು. ಬಚ್ಚಲಲ್ಲಿ.”

ಹಿಲರಿಯ ಮುಖದ ನಗು ಮಾಸಲಿಲ್ಲ. ‘ನಡೆದದ್ದನ್ನು ವಿವರಿಸುವ ಮಾನಸಿಕ ಸಾಮರ್ಥ್ಯ ಇವರಿಗಿಲ್ಲ, ದೂರಿಗೆ ಆಧಾರವಿಲ್ಲ, ಇಲ್ಲೇ ಇರುವುದು ಇವರ ಹಿತಕ್ಕೆ ಒಳ್ಳೆಯದು’ ಎಂದು ದುಂಡಗಿನ ಅಕ್ಷರದಲ್ಲಿ ಬರೆದಳು.

ಕೆಳಗೆ ಸಹಿ ಹಾಕಿದಳು: ಹಿಲರಿ ಥ್ವೈಟ್, ಮ್ಯಾನೇಜರ್, ಲಾರ್ಚ್‌ಮೌಂಟ್ ಆರೈಕೆ ಮನೆ.