ಷರತ್ತು ಪೂರೈಸುವವರೆಗೆ

"ಕಂಪ್ಯೂಟರಿಗೆ ಸ್ವಂತ ತಲೆ ಇಲ್ಲ. ಹೇಳಿದಷ್ಟೇ ಮಾಡುತ್ತೆ, ಎದುರು ಮಾತಾಡಲ್ಲ. ಈ ಕ್ಲಾಸು ಮುಗಿಯೋ ತನಕ ನಾನೇ ಕಂಪ್ಯೂಟರ್," ಎಂದರು ಮೇಷ್ಟ್ರು.

ಪಾಠ ನೋಡಲು ಬಂದಿದ್ದ ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮೇಷ್ಟ್ರು ಬಾಗಿಲಾಚೆ ನಿಂತಿದ್ದ ನಾಗವೇಣಿಯನ್ನು ಒಳಗೆ ಕರೆದರು. ಅವಳು ಬರೆದ ಪ್ರೋಗ್ರಾಂ ಕದ್ದ ಮಾಲು ಎನ್ನುವುದು ಅವರ ವಾದ. ತಪ್ಪು ಒಪ್ಪಿಕೊಳ್ಳುವವರೆಗೂ ಒಳಗೆ ಬರಕೂಡದೆಂದು ಸೋಮವಾರದಿಂದ ಅವಳನ್ನು ಹೊರಗೆ ನಿಲ್ಲಿಸಿದ್ದರು. ಅವಳು ಒಪ್ಪಿರಲಿಲ್ಲ.

"ಮೇಡಂ, ಇವಳ ಯೋಗ್ಯತೆ ನೀವೇ ನೋಡಿ. ಹೂಂ, ನನಗೆ ಸೂಚನೆ ಕೊಡು. ಅದರಲ್ಲಿ ಲೂಪ್ ಇರಬೇಕು. ಲೂಪ್ ಅಂದ್ರೇನು ಗೊತ್ತಾ, ಇಲ್ಲ ಅದಕ್ಕೂ ಯಾರನ್ನಾದ್ರೂ ಕೇಳ್ಬೇಕಾ?"

"ಷರತ್ತು ಪೂರೈಸೋವರೆಗೂ ಮಾಡಿದ್ದನ್ನೇ ಮಾಡ್ತಾ ಇರೋದು, ಸರ್."

"ಬಾಯಿಪಾಠ ಯಾರು ಬೇಕಾದ್ರೂ ಮಾಡ್ತಾರೆ. ಶುರು ಮಾಡು!"

"ಬಾಗಿಲ ಕಡೆ ತಿರುಗಿ."

ಅವರು ತಿರುಗಿದರು.

"ಹೊಸ್ತಿಲು ದಾಟೋವರೆಗೂ ನಡೀರಿ."

ಮೇಷ್ಟ್ರು ಕೀಲಿಗೊಂಬೆಯಂತೆ ಕೈಕಾಲು ಸೆಟೆಸಿಕೊಂಡು ನಡೆದು ಹೊರಗೆ ನಿಂತರು. ಹುಡುಗರೆಲ್ಲ ನಕ್ಕರು.

"ಇಷ್ಟೇನಾ ನಿನ್ನ ಬುದ್ಧಿವಂತಿಕೆ? ಇದನ್ನ ಒಂದನೇ ಕ್ಲಾಸಿನ ಮಗೂನೂ ಹೇಳುತ್ತೆ!" ಎಂದು ಗದರುತ್ತ ಅವರು ಒಳಗೆ ಕಾಲಿಡಲು ಬಂದರು.

"ಕಂಪ್ಯೂಟರ್ ಎದುರು ಮಾತಾಡಲ್ಲ ಅಂದ್ರಲ್ಲ ಮೇಷ್ಟ್ರೇ," ಎಂದರು ಹೆಡ್ ಮೇಡಂ ಕೂತಲ್ಲಿಂದಲೇ. "ನೀನು ಮುಂದಿಂದು ಹೇಳಮ್ಮ."

ನಾಗವೇಣಿ ಬಾಗಿಲ ಕಡೆ ನೋಡಿದಳು.

"'ತಪ್ಪು ನಂದೇ, ನಾಗವೇಣಿ ಕದ್ದಿಲ್ಲ' ಅಂತ ಹೇಳೋವರೆಗೂ ಅಲ್ಲೇ ನಿಂತಿರಿ, ಸರ್."