ಚರ್ಚಿನ ಅಳತೆ

ಶೆಟ್ಟಿಹಳ್ಳಿಯ ಹಿನ್ನೀರಿನ ದಡದಲ್ಲಿ ಬೈಕ್ ನಿಲ್ಲಿಸಿದ ರಜನೀಶನಿಗೆ ತಾನು ಅಳೆಯಬೇಕಾಗಿದ್ದ ಪಾಳು ಚರ್ಚು ಕಂಡಿತು, ಆದರೆ ಅರ್ಧ ಮಾತ್ರ. ಕಂಬಗಳ ಬುಡ, ಬಾಗಿಲು, ನೆಲ ಎಲ್ಲವೂ ಹೇಮಾವತಿಯ ಹೊಟ್ಟೆ ಸೇರಿದ್ದವು.

ದಡದಲ್ಲಿ ಕೆಂಡದ ಮೇಲೆ ಜೋಳ ಸುಡುತ್ತಿದ್ದ ಪುಟ್ಟತಾಯಮ್ಮ ಅವನ ಕೈಯಲ್ಲಿದ್ದ ಅಳತೆಯ ಟೇಪು ನೋಡಿದಳು. “ಏನಪ್ಪಾ, ನೀರು ಅಳೆಯಾಕ್ ಬಂದ್ಯಾ?”

“ಚರ್ಚು ಅಳೀಬೇಕಿತ್ತು ಕಣಜ್ಜಿ. ನಾಳೆ ಕಾಲೇಜಿಗೆ ಪ್ರಬಂಧ ಕೊಡ್ಬೇಕು. ಇಲ್ದಿದ್ರೆ ಒಂದು ವರ್ಷ ಓಯ್ತದೆ. ಈ ನೀರು ಯಾವಾಗ ಬಂತು?”

“ವರ್ಸಾ ವರ್ಸಾ ಮಳೆಗಾಲಕ್ಕೆ ಬತ್ತದೆ. ಯಾರ್ನೂ ಕೇಳ್ಕಂಡು ಬರಾಕಿಲ್ಲ. ಬ್ಯಾಸ್ಗೇಲಿ ಏನ್ ಮಾಡ್ತಿದ್ದೆ?”

ಬೇಸಿಗೆಯಲ್ಲಿ ಅವನು ಸ್ಫೂರ್ತಿ ಪಡೆಯುತ್ತಿದ್ದ. ಇತಿಹಾಸ ಎಂ.ಎ.ಯ ಮಾರ್ಗದರ್ಶಿ ನೀಲಾಂಬಿಕೆ ಮೇಡಂ ಫೆಬ್ರುವರಿಯಲ್ಲೇ, “ಕಂಬ, ಕಮಾನು, ಗೋಡೆ, ಒಂದೊಂದನ್ನೂ ಟೇಪು ಹಿಡಿದು ಅಳೆದುಕೊಂಡು ಬನ್ನಿ” ಎಂದಿದ್ದರು. ಹಾಸನದಿಂದ ಮುಕ್ಕಾಲು ಗಂಟೆಯ ದಾರಿ. ಮಹಾಶಯ ಅಂದೇ ಟೇಪು ಕೊಂಡ. ಅರ್ಧ ಕೆಲಸ ಮುಗಿದಷ್ಟು ಖುಷಿಯಾಗಿ ಮಲಗಿದ. ಮಾರ್ಚಿನಲ್ಲಿ ಬಿಸಿಲು ಜಾಸ್ತಿ. ಏಪ್ರಿಲ್‌ನಲ್ಲಿ ಮೂಡ್ ಇರಲಿಲ್ಲ. ಮೇ ತಿಂಗಳಲ್ಲಿ ಚನ್ನರಾಯಪಟ್ಟಣದಲ್ಲಿ ಸಮಯಪಾಲನೆಯ ಬಗ್ಗೆ ಎರಡು ದಿನದ ಶಿಬಿರ, ಅಂಥದ್ದನ್ನು ತಪ್ಪಿಸಲಾದೀತೇ? ಹತ್ತು ಗಂಟೆಗೆ ಎದ್ದು “ಇಂದೇ ಆರಂಭಿಸು” ಎಂದು ವಾಟ್ಸಾಪ್ ಸ್ಟೇಟಸ್ ಹಾಕುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಉತ್ತರನ ಪೌರುಷ ಒಲೆ ಮುಂದೆ, ಇವನದು ಫೋನಿನ ಮುಂದೆ. ಮೇಡಂ ಕೇಳಿದಾಗಲೆಲ್ಲ, “ಅಳತೆ ಮುಗಿದಿದೆ ಮೇಡಂ, ಟೈಪಿಂಗ್ ಒಂದೇ ಬಾಕಿ” ಎನ್ನುತ್ತಿದ್ದ. ನಿನ್ನೆಯೂ ಹಾಗೇ ಅಂದಿದ್ದ.

ನೀರನ್ನೇ ನೋಡುತ್ತಾ ನಿಂತವನಿಗೆ ಐದು ತಿಂಗಳಲ್ಲಿ ಮೊದಲ ಸಲ ತಲೆ ಓಡಿತು. ನೀರು ಇಳಿಯುವ ತನಕ ಇವನ ಲೆಕ್ಕ ಸುಳ್ಳು ಎನ್ನುವವರು ಯಾರು? ಮೇಡಂ ಈಜಿಕೊಂಡು ಬಂದು ನೋಡುತ್ತಾರೆಯೇ? ಬೈಕಿನ ಮೇಲೆ ಕೂತು ನೋಟ್‌ಬುಕ್ ತೆಗೆದ. ಕಂಬದ ಎತ್ತರ ಇಪ್ಪತ್ತೆರಡು ಅಡಿ. ಬಾಗಿಲಿನ ಅಗಲ ಒಂಬತ್ತು. ಅಳೆದಂತೆ ಕಾಣಲೆಂದು ಅಲ್ಲಲ್ಲಿ ಅರ್ಧ ಇಂಚು, ಕಾಲು ಇಂಚು ಸೇರಿಸಿದ.

“ಉಡ್ಗ ಬಲು ಚುರುಕು ಕಣವ್ವಾ,” ಪುಟ್ಟತಾಯಮ್ಮ ಕೆಂಡಕ್ಕೆ ಗಾಳಿ ಹಾಕುತ್ತಾ ತನಗೆ ತಾನೇ ಹೇಳಿಕೊಂಡಳು. “ನೀರೊಳಗಿರೋ ಬಾಗ್ಲ ದಡದಾಗೇ ಕುಂತ್ಕಂಡು ಅಳೆದ್ಬುಟ್ಟ.”

ರಜನೀಶನಿಗೆ ಅದು ಹೊಗಳಿಕೆಯಾಗಿಯೇ ಕೇಳಿತು. ವರ್ಷ ಉಳಿಯಿತು! ಒಂದು ಜೋಳ ಕೊಂಡು ತಿಂದ. ಇಷ್ಟು ದೂರ ಬಂದು ಸುಮ್ಮನೆ ಹೋಗುವುದುಂಟೇ? ಮುಳುಗಿದ ಚರ್ಚಿಗೆ ಬೆನ್ನು ಮಾಡಿ, ಟೇಪನ್ನು ಎದೆಯ ಹತ್ತಿರ ಎತ್ತಿ ಹಿಡಿದು ಫೋಟೊ ತೆಗೆದುಕೊಂಡ. “ಶ್ರಮಕ್ಕೆ ಸೋಲಿಲ್ಲ” ಎಂದು ಬರೆದು ಅಭ್ಯಾಸಬಲದಿಂದ ಸ್ಟೇಟಸ್‌ಗೆ ಹಾಕಿದ.

ಬೈಕಿನ ಕೀ ತಿರುಗಿಸುವಷ್ಟರಲ್ಲಿ ಫೋನು ಸದ್ದು ಮಾಡಿತು. ನೀಲಾಂಬಿಕೆ ಮೇಡಂ ಅವರ ಮೆಸೇಜು.

“ಫೋಟೊ ಚೆನ್ನಾಗಿದೆ ರಜನೀಶ್. ಟೇಪಿನ ಪ್ಲಾಸ್ಟಿಕ್ ಕವರು ಹಾಗೇ ಇರಲಿ. ಮುಂದಿನ ಫೆಬ್ರುವರಿಗೆ ನೀರು ಇಳಿದಿರುತ್ತೆ, ಆಗ ಬಿಚ್ಚಿ.”